ಕೆನ್ನೆಗೆ ಒತ್ತಿದ ದೀಪ

ಬೆಳಕು ಇನ್ನೂ ಕಿಟಕಿಯ ಸರಳು ದಾಟಿ ಒಳಗೆ ಬಂದಿಲ್ಲ. ಹಜಾರದ ಮೂಲೆಯ ಮಂಚದ ಎದುರು ಸೂಜಕ್ಕ ಮೊಣಕಾಲು ಮಡಿಸಿ, ಪಾದ ಅಗಲಿಸಿ ನಿಂತಿದ್ದಾರೆ. ಅವರ ಎರಡೂ ಕೈಗಳು ಅತ್ತೆಯ ಕಂಕುಳಡಿ ಹಾದು ಬೆನ್ನ ಹಿಂದೆ ಒಂದನ್ನೊಂದು ಬಿಗಿಯಾಗಿ ಹಿಡಿದಿವೆ. ಅತ್ತೆಯ ತಲೆ ಸೊಸೆಯ ಎದೆಯ ಎಡಭಾಗಕ್ಕೆ ಒರಗಿದೆ. "ದೇವರೇ" ಎಂದು ಸೂಜಕ್ಕ ಉಸಿರು ಎಳೆದುಕೊಳ್ಳುತ್ತಾರೆ. ಈ ಮನೆಯಲ್ಲಿ ಆ ಒಂದು ಮಾತಿಗೆ, ಈಗ ಎತ್ತುತ್ತೇನೆ, ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದು ಅರ್ಥ.

"ಮೆಲ್ಲಗೆ ಕಣೇ. ನಾನೇನು ಅಕ್ಕಿ ಮೂಟೆನಾ?"

"ಮೂಟೆ ಆಗಿದ್ರೆ ಬಾಯಿ ಮುಚ್ಕೊಂಡಿರ್ತಿತ್ತು ಅತ್ತೆ."

ಅತ್ತೆ ಎದ್ದರು, ಅರ್ಧ ಸುತ್ತು ತಿರುಗಿದರು, ಗಾಲಿ ಕುರ್ಚಿಯಲ್ಲಿ ಕೂತರು. ಎಡಗೈ ಎಡಗಾಲು ಸೋತುಹೋದ ಮೇಲೆ ಇವರ ಬೆಳಗು ಶುರುವಾಗುವುದು ಹೀಗೆಯೇ. ಮುಖ ತೊಳೆಸಲು ಬಿಸಿನೀರಿನ ಬಟ್ಟೆ ಹಿಡಿದು ಸೂಜಕ್ಕ ದೀಪದ ಗುಂಡಿ ಒತ್ತುತ್ತಾರೆ. ಒತ್ತಿದ ಕೈ ಅಲ್ಲೇ ನಿಲ್ಲುತ್ತದೆ.

ಅತ್ತೆಯ ಬಲಗೆನ್ನೆಯ ಮೇಲೆ ಎರಡು ಅಂಗೈ ಮೂಡಿವೆ. ಅಂಗೈಗಳ ನಡುವೆ ಪುಟ್ಟದೊಂದು ದೀಪ. ಕೆಳಗೆ, ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿ, 'ಮಾದರಿ' ಎಂಬ ಮೂರು ಅಕ್ಷರ. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಆ ಮುದಿ ಚರ್ಮದಲ್ಲಿ ದೀಪದ ಕುಡಿಯೂ ಕೆಂಪಗೆ, ಬಿಡಿಸಿಟ್ಟ ಹಾಗೆ ಕಾಣುತ್ತಿದೆ.

ಸೂಜಕ್ಕ ತಮ್ಮ ಎದೆಯನ್ನು ನೋಡಿಕೊಳ್ಳುತ್ತಾರೆ. ತಿಳಿನೀಲಿ ಕೋಟಿನ ಎಡಭಾಗದಲ್ಲಿ, ಅವರದೇ ಯಂತ್ರ ಹೊಲಿದ ಎರಡು ಅಂಗೈ, ದೀಪ, ತೊಡುವವರ ಹೆಸರು ಬರಬೇಕಾದ ಜಾಗದಲ್ಲಿ ಆ ಮೂರು ಅಕ್ಷರ.

"ಏನೇ, ದೆವ್ವ ಕಂಡೋಳ ಹಾಗೆ ನಿಂತಿದ್ದೀಯಾ?"

"ಏನಿಲ್ಲ ಅತ್ತೆ. ಸ್ವಲ್ಪ ಕೆಂಪಾಗಿದೆ."

"ಉರೀತಿದೆ. ಅದೇನು ನಿನ್ನ ಎದೆ ಮೇಲೆ ಸೀಗೆಮುಳ್ಳು ಬೆಳೆಸ್ಕೊಂಡಿದ್ದೀಯಾ?"

ಸೊಸೆ ಒದ್ದೆ ಬಟ್ಟೆಯನ್ನು ಆ ಕೆನ್ನೆಯ ಮೇಲೆ ಮೆಲ್ಲಗೆ ಒತ್ತಿ ಹಿಡಿಯುತ್ತಾರೆ. ಒತ್ತಿದರೆ ಗುರುತು ಹೋಗುವುದಿಲ್ಲ ಎಂದು ಗೊತ್ತಿದ್ದೂ ಒತ್ತುತ್ತಾರೆ. ಈ ಕೋಟನ್ನು ನೋಡಿ ಒಪ್ಪಲು ಇಂದೇ ಬೆಳಿಗ್ಗೆ ಗಿರಾಕಿ ಬರುತ್ತಾರೆ.

*

ಬೀದಿಯವರಿಗೆ ಇವರು ಸೂಜಕ್ಕ. ಕಂಪನಿಗಳ, ಹೋಟೆಲುಗಳ, ಕಾವಲು ಸಂಸ್ಥೆಗಳ ಸಮವಸ್ತ್ರದ ಮೇಲೆ ಹೆಸರು, ಚಿಹ್ನೆ ಹೊಲಿದುಕೊಡುವುದು ಇವರ ಕಸುಬು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಬಾಗಿಲಿಂದ ಒಳಗೆ ಬಂದರೆ ಬಲಕ್ಕೆ ಇವರ ಕಸೂತಿ ಯಂತ್ರ, ಗೋಡೆಯ ಮೊಳೆಗಳ ತುಂಬ ದಾರದ ಉರುಳೆಗಳು. ಎಡಕ್ಕೆ ಮೈದುನನ ರಾಜ್ಯ. ಉದ್ದ ಮೇಜು, ಜಾಲರಿ ಬಿಗಿದ ಚೌಕಟ್ಟುಗಳು, ಇಂಕಿನ ಡಬ್ಬಿಗಳು. ಅವರದು ಬಟ್ಟೆಯ ಮೇಲೆ ಅಚ್ಚು ಹಾಕುವ ಕೆಲಸ. ಬೀದಿ ಅವರನ್ನು ಬಣ್ಣದಣ್ಣ ಎನ್ನುತ್ತದೆ. ಸೂಜಕ್ಕನ ಗಂಡ ಬಸ್ಸಿನ ಚಾಲಕರು. ಮೊದಲ ಪಾಳಿಗೆ ಹೋಗುವಾಗ ಊರೂ ಎದ್ದಿರುವುದಿಲ್ಲ.

ಹುಡುಗಿಯಾಗಿದ್ದಾಗ ಸೂಜಕ್ಕ ಸೇರಿದ್ದು ದೊಡ್ಡದೊಂದು ಹೊಲಿಗೆ ಕಾರ್ಖಾನೆಗೆ. ಕಸೂತಿಯಾದ ಅಂಗಿಗಳು ಮಗುಚಿಕೊಂಡು ಇವರ ಮೇಜಿಗೆ ಬರುತ್ತಿದ್ದವು. ಹಿಂಬದಿಯಲ್ಲಿ ಜೋತುಬಿದ್ದ ದಾರ ಕತ್ತರಿಸಿ ಮುಂದಕ್ಕೆ ತಳ್ಳಬೇಕು. "ಮುಂದಿನ ಭಾಗದಲ್ಲಿ ಹೂವಿದ್ಯಾ, ಹುಲಿ ಇದ್ಯಾ, ನಮಗೆ ಗೊತ್ತಾಗ್ತಾನೇ ಇರ್ಲಿಲ್ಲ. ಬೆನ್ನೇ ನೋಡಿ ಬೆಳೆದೋಳು ನಾನು" ಎನ್ನುತ್ತಾರೆ. ಆ ಕಾರ್ಖಾನೆ ಬಾಗಿಲು ಹಾಕಿದಾಗ ಅಲ್ಲಿನ ಹಳೆಯ ಯಂತ್ರವೊಂದು ಇವರ ಮನೆಗೆ ಬಂತು. ಬಾಗಿಲಿನ ಚೌಕಟ್ಟು ಕಿತ್ತು ಒಳಗೆ ತರಬೇಕಾಯಿತು. ಆಗ ಗಟ್ಟಿಮುಟ್ಟಾಗಿದ್ದ ಅತ್ತೆ, ಹೊತ್ತು ತಂದವರ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತು, "ಸೊಸೆ ಬಂದಾಗ್ಲೂ ಇಷ್ಟು ಗದ್ದಲ ಇರ್ಲಿಲ್ಲಪ್ಪ ಈ ಮನೇಲಿ" ಎಂದಿದ್ದರಂತೆ. ಆ ಮಾತನ್ನು ಹೇಳುವಾಗ ಸೂಜಕ್ಕ ಅತ್ತೆಯ ದನಿಯನ್ನೇ ತೆಗೆಯುತ್ತಾರೆ, ಒಳಗಿನಿಂದ "ಕೇಳಿಸ್ತು" ಎಂಬ ಉತ್ತರವೂ ಬರುತ್ತದೆ.

ಯಾರು ಬಂದು ಅಂಗಿಗೆ ಚಿಹ್ನೆ ಬೇಕೆಂದರೂ ಸೂಜಕ್ಕ ಕೇಳುವುದು ಒಂದೇ ಪ್ರಶ್ನೆ. "ಇದನ್ನ ಹಾಕೋರು ಏನು ಕೆಲಸ ಮಾಡ್ತಾರೆ?" ದಪ್ಪ ಜಾಕೆಟ್ಟು, ಟೋಪಿ, ಒರಟು ಬಟ್ಟೆ ಆದರೆ ಹೊಲಿಗೆ, ಬಟ್ಟೆ ಹರಿದರೂ ಹೆಸರು ಉಳಿಯುತ್ತದೆ. ತೆಳು ಬನಿಯನ್ನಿನಂಥ ಅಂಗಿಗೆ ಹೊಲಿಗೆ ಬಿಗಿದರೆ ಸುತ್ತಲೂ ಸುಕ್ಕು, ಕಾಯಿಸಿದ ಹಾಲಿನ ಕೆನೆಯ ಹಾಗೆ. ಅದಕ್ಕೆ ಅಚ್ಚೇ ಸರಿ. ಮಳೆಯಲ್ಲಿ ಕೆಲಸ ಮಾಡುವವರ ಕೋಟಿಗೆ ಸೂಜಿ ಹಾಕಿದರೆ ಹಾಕಿದಷ್ಟೂ ತೂತು, ತೂತಿಗೊಂದು ಹನಿ. ಅಂಥವರನ್ನು ಇವರೇ ಕೋಣೆಯ ಆಚೆ ಬದಿಗೆ ಕೈತೋರಿಸಿ ಕಳಿಸುತ್ತಾರೆ. "ನಮ್ಮ ಅತ್ತಿಗೆ ಗಿರಾಕಿನ ಓಡಿಸೋದ್ರಲ್ಲಿ ನಿಸ್ಸೀಮರು. ಪುಣ್ಯಕ್ಕೆ ನನ್ನ ಕಡೆಗೇ ಓಡಿಸ್ತಾರೆ" ಎಂದು ಬಣ್ಣದಣ್ಣ ನಗುತ್ತಾರೆ.

ಇನ್ನೊಂದು ಅಭ್ಯಾಸವಿದೆ. ಬೀದಿಯವರಿಗೆ ಅದು ತಮಾಷೆ. ಯಾವ ಸಂಸ್ಥೆಯ ಮಾದರಿ ಹೊಲಿದರೂ ಸೂಜಕ್ಕ ಅದನ್ನು ತಾವೇ ತೊಟ್ಟುಕೊಂಡು ಕೆಲವು ದಿನ ಮನೆಗೆಲಸ ಮಾಡುತ್ತಾರೆ. ಒಂದು ವಾರ ಬ್ಯಾಂಕಿನ ಕಾವಲುಗಾರರಾಗಿ ತರಕಾರಿ ತರುತ್ತಾರೆ, ಮತ್ತೊಂದು ವಾರ ಹೋಟೆಲಿನ ಬಾಣಸಿಗರಾಗಿ ನೀರು ಹಿಡಿಯುತ್ತಾರೆ. ಹಿಂದೊಮ್ಮೆ ಶೀತಲಗೃಹದ ಕೆಲಸಗಾರನೊಬ್ಬ ಬಂದು ಅಂಗಿ ಬಿಚ್ಚಿ ಎದೆ ತೋರಿಸಿದ್ದನಂತೆ. ಕಸೂತಿಯ ಹಿಂದೆ ಇಡುವ ಗಟ್ಟಿ ಕಾಗದ ಉಜ್ಜಿ ಉಜ್ಜಿ ಚರ್ಮ ಕಿತ್ತಿತ್ತು. ಅಂದಿನಿಂದ ತಮ್ಮ ಮೈಗೆ ಚುಚ್ಚದ ಅಂಗಿಯನ್ನು ಮಾತ್ರ ಹೊರಗೆ ಕಳಿಸುವುದು ಎಂದು ಮನಸ್ಸಿನಲ್ಲಿ ದೇವರಿಗೆ ಹೇಳಿಕೊಂಡಿದ್ದಾರೆ. ಈ ನೀಲಿ ಕೋಟೂ ಅವರ ಮೈಗೆ ಚುಚ್ಚಿರಲಿಲ್ಲ. ಒಳಗೆ ಮೆತ್ತನೆಯ ಬಟ್ಟೆ ಅಂಟಿಸಿದ್ದರು. ಇದೇ ಮೊದಲ ಬಾರಿ ಬೆಳಗಿನ ಜಾವ ಅದನ್ನು ತೊಟ್ಟು ಅತ್ತೆಯನ್ನು ಎತ್ತಿದ್ದರು.

"ತೊಟ್ಟೋರಿಗೆ ಚುಚ್ಚಬಾರದು ಅಂತ ಒಳಗೇ ನೋಡ್ತಾ ಬಂದೆ" ಎನ್ನುತ್ತಾರೆ ತಗ್ಗಿದ ದನಿಯಲ್ಲಿ. "ಹೊರಗಡೆಯಿಂದ ಒರಗೋರೂ ಇರ್ತಾರೆ ಅಂತ ಹೊಳೀಲೇ ಇಲ್ಲ."

*

ಕೋಟು ಬೇಕಾಗಿರುವುದು ವೃದ್ಧರ ಆರೈಕೆ ಕೇಂದ್ರವೊಂದಕ್ಕೆ. ಅಲ್ಲಿನ ಆಯಾಗಳ ದಿನವೆಲ್ಲ ಎತ್ತುವುದು, ಕೂರಿಸುವುದು, ಮಲಗಿಸುವುದರಲ್ಲೇ ಕಳೆಯುತ್ತದೆ. ಎತ್ತಿದಾಗಲೆಲ್ಲ ಒಂದು ಮುದಿ ಕೆನ್ನೆ ಎದೆಗೆ ಒರಗುತ್ತದೆ, ಸರಿಯಾಗಿ ಹೆಸರು ಹೊಲಿಯುವ ಜಾಗಕ್ಕೆ.

ಇದು ಬರಿಯ ಒಂದು ಆರ್ಡರಿನ ಮಾತಾಗಿದ್ದರೆ ಸೂಜಕ್ಕ ಎಂದಿನಂತೆ ಕೋಣೆಯ ಆಚೆ ಬದಿಗೆ ಕೈತೋರಿಸಿಬಿಡುತ್ತಿದ್ದರು. ಈ ಸಲ ಆ ಕೈಗೆ ಭಾರ ಬಂದಿದೆ. ಮೈದುನನಿಗೆ ಅಚ್ಚು ಒಣಗಿಸುವ ದೊಡ್ಡ ಯಂತ್ರ ಬೇಕು, ಇಲ್ಲದಿದ್ದರೆ ಬರುವ ಕೆಲಸ ಬೇರೆಯವರ ಪಾಲಾಗುತ್ತದೆ. ಕೋಣೆಯಲ್ಲಿ ಎರಡು ದೊಡ್ಡ ಯಂತ್ರಕ್ಕೆ ಜಾಗವಿಲ್ಲ. ಊಟದ ಹೊತ್ತಿನಲ್ಲಿ ಮಾತಿಗೆ ಮಾತು ಬೆಳೆದು, ಕೊನೆಗೆ ಮನೆಯವರೆಲ್ಲ ಒಂದು ತೀರ್ಮಾನಕ್ಕೆ ಬಂದಿದ್ದರು. ಆರೈಕೆ ಕೇಂದ್ರದ ಕೆಲಸ ದೊಡ್ಡದು, ವರ್ಷ ವರ್ಷವೂ ಬರುವಂಥದ್ದು. ಅದು ಹೊಲಿಗೆಗೆ ಬಂದರೆ ಕಸೂತಿ ಯಂತ್ರ ಉಳಿಯಲಿ, ಮೈದುನ ಬೇರೆ ಜಾಗ ನೋಡಿಕೊಳ್ಳಲಿ. ಅಚ್ಚಿಗೆ ಹೋದರೆ ಕಸೂತಿ ಯಂತ್ರ ಮಾರಿಬಿಡುವುದು. ಕೊಳ್ಳುವವನೊಬ್ಬ ಬಂದು, ಟೇಪು ಹಿಡಿದು ಬಾಗಿಲಿನ ಅಗಲ ಅಳೆದುಕೊಂಡೂ ಹೋಗಿದ್ದಾನೆ.

ಯಂತ್ರ ಹೋದರೆ ಸೂಜಕ್ಕ ಊರಾಚೆಯ ಕಾರ್ಖಾನೆಗೆ ಆಪರೇಟರ್ ಆಗಿ ಹೋಗಬೇಕು. ಹೋದರೆ ಕತ್ತಲಾದ ಮೇಲೇ ವಾಪಸ್ಸು. ಹಗಲು ಅತ್ತೆಯನ್ನು ಎತ್ತುವವರು ಯಾರು? ಈ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಿಲ್ಲ. ಆದರೆ ಅಳೆಯುವವನು ಬಂದುಹೋದ ದಿನ ಅತ್ತೆ ಊಟದ ತಟ್ಟೆಯನ್ನು ಹಾಗೇ ಸರಿಸಿದ್ದರು.

ಅದಕ್ಕೇ ಈ ಬೆಳಿಗ್ಗೆ ಸೂಜಕ್ಕನ ಕೈ ನಿಲ್ಲುತ್ತಿಲ್ಲ. ಯಂತ್ರದ ಮುಂದೆ ಒಂದು ಕ್ಷಣ ಕಣ್ಣುಮುಚ್ಚಿ ನಿಂತು, ಚೂರು ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಅದೇ ದೀಪವನ್ನು ಮತ್ತೆ ಹೊಲಿಸುತ್ತಾರೆ, ಈ ಸಲ ಹೊಲಿಗೆಯನ್ನು ವಿರಳ ಮಾಡಿ. ಕತ್ತರಿಸಿ ತೆಗೆದು ತಮ್ಮ ಕೆನ್ನೆಗೆ ಒತ್ತಿ ಉಜ್ಜುತ್ತಾರೆ. ಇನ್ನೂ ಚುಚ್ಚುತ್ತದೆ. ದಾರ ಬದಲಿಸಿ ನುಣುಪಿನದು ಹಾಕುತ್ತಾರೆ. ಚುಚ್ಚುವುದು ಕಡಿಮೆ, ಆದರೆ ಅಂಚು ಗಟ್ಟಿ. ಇನ್ನಷ್ಟು ವಿರಳ ಮಾಡಿದರೆ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಇರುವೆ ಸಾಲಾಗುತ್ತದೆ. ಚೂರುಗಳು ಕಾಲಡಿ ಬೀಳುತ್ತಿವೆ. ಅವರ ಕೆನ್ನೆಯೂ ಕೆಂಪಾಗಿದೆ.

"ಏನತ್ತಿಗೆ, ಬೆಳಿಗ್ಗೆ ಬೆಳಿಗ್ಗೆ ಯಾರು ಹೊಡೆದ್ರು?" ಮೈದುನ ಇಂಕಿನ ಡಬ್ಬಿಯ ಮುಚ್ಚಳ ತೆಗೆಯುತ್ತಾ ಕೇಳುತ್ತಾರೆ.

"ನಾನೇ ಹೊಡ್ಕೊಂಡೆ. ನೀನು ನಿನ್ನ ಕೆಲಸ ನೋಡಪ್ಪ."

ಅವರು ತಮ್ಮ ಕೆಲಸ ನೋಡುತ್ತಾರೆ. ಆದರೆ ಇವತ್ತು ಅವರ ಬಾಯಲ್ಲೂ ಎಂದಿನ ಸಿಳ್ಳೆ ಇಲ್ಲ. ಒಂದೇ ಜಾಲರಿಯನ್ನು ಮತ್ತೆ ಮತ್ತೆ ತೊಳೆಯುತ್ತಿದ್ದಾರೆ. ಇಬ್ಬರ ನಡುವೆ ಇರುವುದು ನಾಲ್ಕು ಹೆಜ್ಜೆ ಜಾಗ. ಆ ಜಾಗದಲ್ಲಿ ಗಾಲಿ ಕುರ್ಚಿಯಲ್ಲಿ ಕೂತ ಅತ್ತೆ ಒಮ್ಮೆ ಸೊಸೆಯತ್ತ, ಒಮ್ಮೆ ಮಗನತ್ತ ನೋಡುತ್ತಾರೆ. ಕೆನ್ನೆಯ ಗುರುತು ಮಾಸುತ್ತಿದೆ. ಬಿಸಿಲು ಹೊಸಿಲಿಗೆ ಬರುವ ಹೊತ್ತಿಗೆ ಅದು ಪೂರ್ತಿ ಹೋಗಿದೆ. ಇನ್ನು ಅದನ್ನು ಬಲ್ಲವರು ಇಬ್ಬರೇ.

ಸೂಜಕ್ಕ ಕೋಟು ಬಿಚ್ಚಿ, ಇಸ್ತ್ರಿ ಮಾಡಿ, ಹ್ಯಾಂಗರಿಗೆ ಹಾಕುತ್ತಾರೆ. ಹೇಳಬೇಕೋ ಬೇಡವೋ ಎಂದು ಇನ್ನೂ ನಿಶ್ಚಯಿಸಿಲ್ಲ.

*

ಕೇಂದ್ರದ ಮೇಲ್ವಿಚಾರಕಿ ತೋಳು ಮಡಿಸಿಕೊಂಡೇ ಬರುತ್ತಾರೆ. ತಾವೂ ಆಯಾ ಆಗಿಯೇ ಕೆಲಸಕ್ಕೆ ಸೇರಿದವರು. ಗಟ್ಟಿ ಮುಂಗೈ, ಅವಸರದ ನಡಿಗೆ. ಎರಡೂ ಕೋಟುಗಳನ್ನು ಅಕ್ಕಪಕ್ಕ ಹಿಡಿದು ನೋಡುತ್ತಾರೆ. ಒಂದರಲ್ಲಿ ಹೊಲಿದ ದೀಪ, ಇನ್ನೊಂದರಲ್ಲಿ ಬಣ್ಣದಣ್ಣ ಅಚ್ಚು ಹಾಕಿದ ದೀಪ.

"ನನ್ನ ಮನಸ್ಸು ಹೊಲಿಗೆ ಕಡೆಗೇ ಅಕ್ಕ" ಎನ್ನುತ್ತಾರೆ. "ಹೋದ ಸಲ ಬೇರೆ ಕಡೆ ಅಚ್ಚು ಹಾಕಿಸಿದ್ವಿ. ನಮ್ಮಲ್ಲಿ ದಿನಾ ಕುದಿಯೋ ನೀರಲ್ಲಿ ಒಗೀಬೇಕಲ್ಲ, ಅಕ್ಷರ ಉದುರಿಹೋಯ್ತು. ಒಬ್ಬರು ಅಜ್ಜ ಉಳಿದ ಅರ್ಧ ಹೆಸರು ಓದಿ, ಅದೇ ಹೆಸರು ಅಂದ್ಕೊಂಡು ನಮ್ಮ ಹುಡುಗೀನ ಕೂಗ್ತಿದ್ರು. ಅವಳು ಅತ್ಕೊಂಡು ಬಂದಿದ್ಲು ನನ್ನ ಹತ್ರ."

ಗಿರಾಕಿ ತಾನಾಗಿಯೇ ಹೊಲಿಗೆ ಎನ್ನುತ್ತಿದ್ದಾರೆ. ಹೂಂ ಎಂದರೆ ಮುಗಿಯಿತು. ಮೈದುನ ತಲೆ ತಗ್ಗಿಸಿ ಮೇಜು ಒರೆಸುತ್ತಿದ್ದಾರೆ.

"ಆದ್ರೂ ಕೋಟನ್ನ ಗೋಡೆಗೆ ನೇತುಹಾಕಿ ನೋಡಿದ್ರೆ ಏನು ಗೊತ್ತಾಗುತ್ತೆ?" ಎಂದು ಮೇಲ್ವಿಚಾರಕಿ ಹೊಲಿಗೆಯ ಕೋಟು ತೊಟ್ಟುಕೊಳ್ಳುತ್ತಾರೆ. ಅವರ ಕಣ್ಣು ಗಾಲಿ ಕುರ್ಚಿಯ ಮೇಲೆ ಬೀಳುತ್ತದೆ. "ಅಮ್ಮಾ, ನಿಮ್ಮನ್ನ ಒಂದ್ಸಲ ಎತ್ತಿ ಬೆಂಚಿನ ಮೇಲೆ ಕೂರಿಸ್ಲಾ?"

ಅತ್ತೆ ಹೆಣ್ಣು ನೋಡಲು ಬಂದವರ ಮುಂದೆ ಕೂತಷ್ಟೇ ಗತ್ತಿನಲ್ಲಿ, "ಎತ್ತಮ್ಮ, ನಿನ್ನ ಶಕ್ತಿ ನೋಡೋಣ" ಎನ್ನುತ್ತಾರೆ.

ಮೇಲ್ವಿಚಾರಕಿ ಎತ್ತುವ ರೀತಿಯೇ ಬೇರೆ. ಮಾತಿಲ್ಲ, ಏದುಸಿರಿಲ್ಲ. ಅತ್ತೆಯ ಬಲಗೆನ್ನೆ ಹೊಲಿದ ದೀಪದ ಮೇಲೆ ಒರಗುತ್ತದೆ, ತಿರುಗುವಾಗ ಉಜ್ಜುತ್ತದೆ, ಬೆಂಚಿಗೆ ಇಳಿಯುವಾಗ ಮತ್ತೊಮ್ಮೆ ಉಜ್ಜುತ್ತದೆ. ಬಲಗೆನ್ನೆಗೆ ಸ್ಪರ್ಶ ಚೆನ್ನಾಗಿಯೇ ತಿಳಿಯುತ್ತದೆ. ಅತ್ತೆಯ ಕಣ್ಣ ಕೊನೆ ಒಮ್ಮೆ ಚಿವುಟಿದಂತಾಗುವುದನ್ನು ಸೂಜಕ್ಕ ನೋಡುತ್ತಾರೆ.

"ಹೇಗಿತ್ತಮ್ಮಾ? ಎದೆ ಮೇಲಿಂದು ಚುಚ್ಚಿತಾ?"

"ಎಲ್ಲಿ ಚುಚ್ಚುತ್ತೆ?" ಅತ್ತೆ ಒಳ್ಳೆಯ ಕೈಯಿಂದ ಶಾಲನ್ನು ಕೆನ್ನೆಯವರೆಗೆ ಎಳೆದುಕೊಳ್ಳುತ್ತಾರೆ. "ಹತ್ತಿ ದಿಂಬಿನ ಮೇಲೆ ತಲೆ ಇಟ್ಟ ಹಾಗಿತ್ತು. ನಮ್ಮ ಸೊಸೆ ಕೈ ಅಂದ್ರೆ ಏನಂದ್ಕೊಂಡಿದ್ದೀರಾ? ಹೊಲಿಗೇನೇ ಇಟ್ಕೊಳ್ಳಿ. ಕಣ್ಣು ಮುಚ್ಕೊಂಡು ಇಟ್ಕೊಳ್ಳಿ."

ಬೆಳಿಗ್ಗೆ ಸೀಗೆಮುಳ್ಳು ಎಂದ ಬಾಯಿ ಇದು. ಮೇಲ್ವಿಚಾರಕಿ ನಕ್ಕು, ಕೋಟು ಬಿಚ್ಚಲು ಗುಂಡಿಗೆ ಕೈಹಾಕುತ್ತಾರೆ. ಮೈದುನ ಮೇಜು ಒರೆಸುವುದನ್ನು ನಿಲ್ಲಿಸಿದ್ದಾರೆ. ಸೂಜಕ್ಕ ಒಂದು ಗಳಿಗೆ ಯಂತ್ರದತ್ತ ನೋಡುತ್ತಾರೆ. ಆಮೇಲೆ ಹೋಗಿ ಬೆಂಚಿನ ಮುಂದೆ ಕೂರುತ್ತಾರೆ.

"ಅತ್ತೆ, ಮುಖ ಈ ಕಡೆ ತಿರುಗಿಸಿ."

"ಯಾಕೆ, ನನ್ನ ಮುಖ ನಿನಗೇನು ಹೊಸದಾ?"

"ತಿರುಗಿಸಿ ಅತ್ತೆ."

"ಲೇ, ನಿನಗೆ ಬುದ್ಧಿ ಇದ್ಯಾ?" ಅತ್ತೆ ಪಿಸುಗುಟ್ಟುತ್ತಾರೆ. "ಸುಮ್ನಿರು. ಕೈ ಮುಗೀತೀನಿ ಸುಮ್ನಿರೇ."

ಮುಗಿಯಲು ಆ ಕೈಗೆ ಜೊತೆಯ ಕೈ ಇಲ್ಲ. ಸೂಜಕ್ಕ ಆ ಒಂಟಿ ಕೈಯನ್ನು ಹಿಡಿದು, ಇನ್ನೊಂದು ಕೈಯಿಂದ ಶಾಲು ಸರಿಸಿ, ಮುದಿ ಮುಖವನ್ನು ಬಾಗಿಲ ಬೆಳಕಿನ ಕಡೆಗೆ ತಿರುಗಿಸುತ್ತಾರೆ. "ನೋಡಿ ಮೇಡಂ. ಬೆಳಿಗ್ಗೆ ನಾನು ಎತ್ತಿದಾಗ್ಲೂ ಹೀಗೇ ಆಗಿತ್ತು. ಎಷ್ಟು ಪ್ರಯತ್ನ ಪಟ್ರೂ ಮೆತ್ತಗೆ ಮಾಡೋಕಾಗ್ಲಿಲ್ಲ. ನಿಮ್ಮಲ್ಲಿ ದಿನಕ್ಕೆ ಎಷ್ಟು ಸಲ ಎತ್ತುತ್ತೀರೋ."

ಎರಡು ಅಂಗೈ, ನಡುವೆ ದೀಪ. ಬೀದಿಯಲ್ಲಿ ಯಾರದೋ ಸೈಕಲ್ ಗಂಟೆ ಕೇಳಿ ದೂರವಾಗುತ್ತದೆ.

"ಹೋಯ್ತು" ಎನ್ನುತ್ತಾರೆ ಅತ್ತೆ, ಯಾರಿಗೂ ಅಲ್ಲದೆ. "ಮನೆ ದೀಪ ತಾನೇ ಆರಿಸಿದ್ಲು."

"ಹಾಗಾದ್ರೆ ಅಚ್ಚಿಗೇ..." ಎಂದು ಮೇಲ್ವಿಚಾರಕಿ ತಿರುಗುವಷ್ಟರಲ್ಲಿ ಬಣ್ಣದಣ್ಣ ಮೇಜಿನ ಕೆಳಗಿನಿಂದ ಒಂದು ಬಟ್ಟೆ ತೆಗೆದು ಬಿಡಿಸುತ್ತಾರೆ. ಅಚ್ಚು ಹಾಕಿ, ಮನೆಯ ದೊಡ್ಡ ಪಾತ್ರೆಯಲ್ಲಿ ಮತ್ತೆ ಮತ್ತೆ ಕುದಿಸಿದ ತುಂಡು. ದೀಪದ ಮೇಲೆ ಕೂದಲೆಳೆಯಂಥ ಬಿರುಕುಗಳು. "ಇದನ್ನೂ ನೋಡ್ಬಿಡಿ ಮೇಡಂ. ಇದು ನನ್ನ ಹತ್ರ ಇರೋ ಒಳ್ಳೆ ಇಂಕು. ಉಳಿದ ಕಡೆಗಿಂತ ಹೆಚ್ಚು ತಡೆಯುತ್ತೆ. ಆದ್ರೆ ದಿನಾ ಕುದಿಸಿದ್ರೆ ಇದೂ ಒಂದು ದಿನ ಉದುರುತ್ತೆ." ಆಮೇಲೆ ಅತ್ತಿಗೆಯ ಕಡೆ ನೋಡದೆಯೇ, "ನೀವು ಹೇಳ್ದೇ ಇದ್ದಿದ್ರೆ ನಾನೂ ಹೇಳ್ತಿರ್ಲಿಲ್ಲ ಅತ್ತಿಗೆ" ಎನ್ನುತ್ತಾರೆ.

"ಎರಡೂ ಆಗಲ್ಲ ಅಂತಾಯ್ತಲ್ಲ." ಮೇಲ್ವಿಚಾರಕಿ ಕೋಟು ಮಡಿಸಿ ಬೆಂಚಿನ ಮೇಲಿಡುತ್ತಾರೆ. ಕೋಪವಿಲ್ಲ, ಆದರೆ ಚೀಲ ಹೆಗಲಿಗೇರಿದೆ. "ನಾನು ಇನ್ನೆಲ್ಲಾದ್ರೂ ವಿಚಾರಿಸ್ತೀನಿ. ಬೇಜಾರು ಮಾಡ್ಕೋಬೇಡಿ."

"ಏ ತಾಯಿ, ಎತ್ತಿದೋಳು ಇಳಿಸಿ ಹೋಗು" ಎಂದು ಅತ್ತೆ ಬೆಂಚಿನಿಂದ ಕೂಗುತ್ತಾರೆ. "ಅದಿರ್ಲಿ, ಆ ಹೆಸರು ಯಾರಿಗೆ ಓದೋಕೆ?"

"ನಮ್ಮ ಅಜ್ಜ ಅಜ್ಜಿಯರಿಗಮ್ಮ. ಯಾರು ಬಂದ್ರು ಅಂತ ಮರೆತುಹೋಗುತ್ತೆ. ಹೆಸರು ಓದಿದ್ರೆ ಅವರಿಗೆ ಧೈರ್ಯ."

"ಮಲಗಿರೋರಿಗಾ?"

"ಹೂಂ, ಹೆಚ್ಚಿನವರು ಮಲಗೇ ಇರ್ತಾರೆ."

"ಮಲಗಿರೋರಿಗೆ ನಿನ್ನ ಎದೆ ಎಲ್ಲಿ ಕಾಣುತ್ತೆ? ಇವಳು ಮಂಚದ ಪಕ್ಕ ಬಂದು ನಿಂತ್ರೆ ನನ್ನ ಕಣ್ಣ ಮುಂದೆ ಇರೋದು ಇವಳ ಜೇಬು. ಕತ್ತರಿ ಇಟ್ಕೊಂಡಿದ್ದಾಳಾ, ನನಗೆ ಕೊಡದೆ ಮಿಠಾಯಿ ಬಚ್ಚಿಟ್ಕೊಂಡಿದ್ದಾಳಾ, ಎಲ್ಲಾ ನನಗೆ ಗೊತ್ತು. ಮೇಲಿರೋ ಮುಖ ನೋಡ್ಬೇಕು ಅಂದ್ರೆ ಕತ್ತು ನೋಯುತ್ತೆ."

ಮೇಲ್ವಿಚಾರಕಿ ಹೆಗಲ ಚೀಲ ಕೆಳಗಿಡುತ್ತಾರೆ. ಆಮೇಲೆ ಚಪ್ಪಲಿ ಕಳಚಿ, ಹಜಾರಕ್ಕೆ ಹೋಗಿ, ಅತ್ತೆಯ ಮಂಚದ ಮೇಲೆ ಉದ್ದಕ್ಕೆ ಮಲಗಿಬಿಡುತ್ತಾರೆ. "ಅಕ್ಕ, ಆ ಕೋಟು ಹಾಕ್ಕೊಂಡು ಬನ್ನಿ. ಇಲ್ಲಿ ನಿಲ್ಲಿ." ಸೂಜಕ್ಕ ನಿಲ್ಲುತ್ತಾರೆ. ಮಲಗಿದವರ ಕಣ್ಣ ನೇರಕ್ಕೆ, ಒಂದು ಗೇಣು ದೂರದಲ್ಲಿ, ಕೋಟಿನ ಕೆಳಜೇಬು. ದೀಪವಾಗಲಿ ಹೆಸರಾಗಲಿ ಎಲ್ಲೋ ಮೇಲೆ, ಕಾಣದ ಕಡೆ.

"ಎಷ್ಟು ವರ್ಷದಿಂದ ಜನರನ್ನ ಎತ್ತುತ್ತಿದ್ದೀನಿ" ಎಂದು ಅವರು ಸೂರು ನೋಡುತ್ತಾ ಹೇಳುತ್ತಾರೆ. "ಒಂದಿನಾನೂ ಹೀಗೆ ಮಲಗಿ ನೋಡಿರ್ಲಿಲ್ಲ. ಅಕ್ಕ, ಹೆಸರು ಜೇಬಿನ ಮೇಲೆ ಹೊಲೀತೀರಾ? ದೊಡ್ಡ ಅಕ್ಷರ. ದೀಪ ನಮ್ಮ ಬಾಗಿಲ ಬೋರ್ಡಿನ ಮೇಲೆ ಇದ್ದೇ ಇದೆ, ಅಷ್ಟು ಸಾಕು."

ಹೂಂ ಎನ್ನಲು ಸೂಜಕ್ಕ ಅವಸರ ಮಾಡುವುದಿಲ್ಲ. ಕೇಂದ್ರದವರು ಕಳಿಸಿದ ಕೋಟುಗಳು ಜೇಬುಸಮೇತ ಹೊಲಿದು ಸಿದ್ಧವಾಗಿ, ಆಗಲೇ ಗಂಟಿನಲ್ಲಿ ಬಂದು ಕೂತಿವೆ. ಹೊಲಿದ ಜೇಬಿನ ಮೇಲೆ ನೇರವಾಗಿ ಸೂಜಿ ಓಡಿಸಿದರೆ ಜೇಬಿನ ಬಾಯಿಯೇ ಮುಚ್ಚಿಹೋಗುತ್ತದೆ. ಒಮ್ಮೆ ಕೊಳಾಯಿ ಕೆಲಸದವರ ಅಂಗಿಗೆ ಹಾಗಾಗಿ, ಅವರೆಲ್ಲ ಸ್ಪ್ಯಾನರ್ ಹಿಡಿದು ಜೇಬು ಹುಡುಕಿದ್ದರು. ಒಂದೊಂದು ಕೋಟಿನ ಜೇಬನ್ನೂ ಬಿಚ್ಚಬೇಕು, ಬಿಡಿ ಜೇಬಿನ ಮೇಲೆ ಹೆಸರು ಹೊಲಿಸಬೇಕು, ಮತ್ತೆ ಕೂಡಿಸಬೇಕು. ಹಾಗೆ ಮಾಡಿದರೆ ಹೊಲಿಗೆಯ ಒರಟು ಬೆನ್ನು ಜೇಬಿನೊಳಗೇ ಉಳಿಯುತ್ತದೆ, ತೊಟ್ಟವರಿಗೂ ತಾಕುವುದಿಲ್ಲ. ಇದನ್ನೆಲ್ಲ ಅವರು ಬಿಡಿಸಿ ಹೇಳುತ್ತಾರೆ. ತಡವಾಗುತ್ತದೆ ಎಂದೂ ಹೇಳುತ್ತಾರೆ.

"ತಡ ಆಗ್ಲಿ" ಎಂದು ಮೇಲ್ವಿಚಾರಕಿ ಎದ್ದು, ಮೊದಲು ಅತ್ತೆಯನ್ನು ಕುರ್ಚಿಗೆ ಇಳಿಸಿ, ಆಮೇಲೆ ಹೊರಡುತ್ತಾರೆ.

*

ಬಾಗಿಲು ಮುಚ್ಚಿದ ಮೇಲೂ ಕೋಣೆಯ ಬಿಗುವು ಸಡಿಲವಾಗುವುದಿಲ್ಲ. ಮೈದುನ ಟೇಪು ತೆಗೆದು ತಮ್ಮದೇ ಮೇಜಿನ ಉದ್ದ ಅಳೆಯುತ್ತಿದ್ದಾರೆ. ಕೆಲಸ ಹೊಲಿಗೆಗೆ ಬಂದಾಯಿತು, ಆಡಿದ ಮಾತು ಆಡಿದ್ದೇ.

"ಮೇಜು ಯಾವಾಗ ಎತ್ತಲಿ ಅತ್ತಿಗೆ?"

ಸೂಜಕ್ಕ ಕೋಟುಗಳ ಗಂಟು ಬಿಚ್ಚಿ, ಹೊಲಿಗೆ ಬಿಡಿಸುವ ಪುಟ್ಟ ಕೊಕ್ಕೆಯೊಂದನ್ನು ಅವರ ಕೈಗೆ ಕೊಡುತ್ತಾರೆ. "ಮೊದಲು ಜೇಬು ಬಿಚ್ಚು."

"ಅಲ್ಲ ಅತ್ತಿಗೆ, ಮಾತು ಅಂದ್ಮೇಲೆ..."

"ಆ ದೊಡ್ಡ ಯಂತ್ರದ ಜಗಳ ಎಲ್ಲೂ ಓಡಿಹೋಗಲ್ಲ. ಇನ್ನೊಂದು ದಿನ ಆಡೋಣ. ಬಟ್ಟೆ ಹರೀಬೇಡ, ದಾರ ಮಾತ್ರ."

ಮೈದುನ ಕೂರುತ್ತಾರೆ. ಅಚ್ಚಿನ ಉದ್ದ ಮೇಜಿನ ಮೇಲೆ ಮೊದಲ ಬಾರಿಗೆ ದಾರದ ಚೂರುಗಳು ಬೀಳುತ್ತವೆ. ಅತ್ತೆ ಒಳ್ಳೆಯ ಕೈಯಿಂದ ಕೋಟಿನ ಅಂಚು ಬಿಗಿಹಿಡಿದುಕೊಟ್ಟು, "ನಿನಗಿಂತ ನಿಮ್ಮಪ್ಪ ಚೆನ್ನಾಗಿ ಬಿಚ್ತಿದ್ರು, ಹಲಸಿನಹಣ್ಣನ್ನ" ಎಂದು ಮಗನನ್ನು ಛೇಡಿಸುತ್ತಾರೆ. ಸೊಸೆಯೊಂದಿಗೆ ಮಾತ್ರ ಸಂಜೆಯವರೆಗೂ ಮಾತಿಲ್ಲ. ತನಗಾಗಿ ಅತ್ತೆ ಹೇಳಿದ ಸುಳ್ಳನ್ನು ನಾಲ್ಕು ಜನರ ಮುಂದೆ ಬಯಲಿಗೆಳೆದವಳ ಮೇಲೆ ಅಷ್ಟಾದರೂ ಮುನಿಸು ಬೇಡವೇ?

ಕೇಂದ್ರಕ್ಕೆ ಮೊದಲ ಗಂಟು ಹೋಗಿ ಮುಟ್ಟಿದೆ. ಅಲ್ಲಿನ ಅಜ್ಜನೊಬ್ಬರು ಮಲಗಿದಲ್ಲಿಂದಲೇ ಜೇಬು ಓದಿ, ಹುಡುಗಿಯ ಪೂರ್ತಿ ಹೆಸರು ಹಿಡಿದು ಕರೆದರಂತೆ. ಸೂಜಕ್ಕನಿಗೆ ಈ ಸುದ್ದಿ ಮುಟ್ಟಿಸಿದ್ದು ಮೇಲ್ವಿಚಾರಕಿ. ಕೇಳಿ ಅವರು ಯಂತ್ರದ ಸದ್ದು ನಿಲ್ಲಿಸಲಿಲ್ಲ, ತಲೆ ಮಾತ್ರ ಆಡಿಸಿದರು. ಆಸೆ ಏನಾದರೂ ಇದೆಯೇ ಎಂದರೆ ಸೂಜಿಗೆ ದಾರ ಪೋಣಿಸುತ್ತಲೇ ಹೇಳುತ್ತಾರೆ. "ಜನ ನನ್ನ ಕೆಲಸ ನೋಡಿ ಹೊಗಳಲಿ ಅಂತೇನೂ ಇಲ್ಲ. ಅವರಿಗೆ ಅದು ತಾಕಿದ್ದೇ ಗೊತ್ತಾಗಬಾರದು. ಅಷ್ಟು ನಡೆಸಿಕೊಟ್ರೆ ಸಾಕು ಆ ದೇವರು."

ಈಗ ಮತ್ತೆ ಬೆಳಗಿನ ಜಾವ. ಸೂಜಕ್ಕ ಜೇಬಿನ ಮೇಲೆ ಹೆಸರಿರುವ ಕೋಟು ತೊಟ್ಟು, ಮೊಣಕಾಲು ಮಡಿಸಿ, "ದೇವರೇ" ಎನ್ನುತ್ತಾರೆ. ಅತ್ತೆಯ ಕೆನ್ನೆ ಎದೆಗೆ ಒರಗುತ್ತದೆ, ಅರ್ಧ ಸುತ್ತು ತಿರುಗುತ್ತದೆ, ಕುರ್ಚಿಗೆ ಇಳಿಯುತ್ತದೆ. ಸೊಸೆ ದೀಪ ಹಾಕಿ, ಗಲ್ಲ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ ನೋಡುತ್ತಾರೆ. ದಿಂಬಿನ ಮಡಿಕೆ ಬಿದ್ದಿದೆ, ಮುಪ್ಪಿನ ಗೆರೆಗಳಿವೆ. ಬೇರೇನೂ ಇಲ್ಲ.

"ಏನೇ ಹುಡುಕ್ತಿದ್ದೀಯಾ?"

"ಏನೂ ಬಿದ್ದಿಲ್ಲ ಅತ್ತೆ ಇವತ್ತು."

"ಬಿದ್ದಿದ್ರೆ ಚೆನ್ನಾಗಿತ್ತು. ಈ ಮುಖಕ್ಕೂ ಒಂದು ಕಳೆ ಇರ್ತಿತ್ತು" ಎಂದು ಅತ್ತೆ, ಸೊಸೆಯ ಜೇಬಿನೊಳಗೆ ಕೈ ಹಾಕಿ ಮಿಠಾಯಿ ತೆಗೆದುಕೊಳ್ಳುತ್ತಾರೆ.